ಭೂಮಿಯ ಋಣ ಮತ್ತು ವಿದ್ಯೆಯ ಒಡೆತನ

1890ರ ಜುಲೈ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರ ತನ್ನ 24ನೆಯ ಪುಸ್ತಿಕೆಯನ್ನು ಹೊರತಂದಿತು. ಹಾಲಿನಲ್ಲಿ ಜಿಡ್ಡು ಎಷ್ಟಿದೆಯೆಂದು ಅಳೆಯುವ ಹೊಸ ವಿಧಾನವನ್ನು ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನ ವಿಜ್ಞಾನಿ ಅದರಲ್ಲಿ ವಿವರಿಸಿದ್ದರು. ಉದ್ದ ಕತ್ತಿನ ಗಾಜಿನ ಶೀಷೆಗೆ ಅಳತೆಯ ಹಾಲು ಹಾಕಿ, ಹೆಚ್ಚುಕಡಿಮೆ ಅಷ್ಟೇ ಗಂಧಕಾಮ್ಲ ಸುರಿದರೆ ಜಿಡ್ಡೊಂದನ್ನು ಬಿಟ್ಟು ಉಳಿದದ್ದೆಲ್ಲ ಕರಗುತ್ತದೆ. ಶೀಷೆಯನ್ನು ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸಿ ಬಿಸಿನೀರು ತುಂಬಿದರೆ ಜಿಡ್ಡು ಕತ್ತಿಗೆ ಏರುತ್ತದೆ; ಅಲ್ಲಿ ಕೊರೆದಿರುವ ಗೆರೆಗಳನ್ನು ನೋಡಿ ಶೇಕಡಾ ಎಷ್ಟೆಂದು ಓದಿಕೊಳ್ಳಬಹುದು. ಅಲ್ಲಿಯವರೆಗೆ ಬೆಣ್ಣೆ ಮತ್ತು ಚೀಸ್ ತಯಾರಿಸುವ ಘಟಕಗಳು ಹಾಲಿಗೆ ತೂಕದ ಲೆಕ್ಕದಲ್ಲಿ ಹಣ ಕೊಡುತ್ತಿದ್ದವು. ನೀರು ಬೆರೆಸಿದವನಿಗೂ, ಕೆನೆ ತೆಗೆದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ದರ. ಇದರಿಂದ ಪ್ರಾಮಾಣಿಕ ರೈತನಿಗೆ ಆಗುತ್ತಿದ್ದ ನಷ್ಟ ಒಂದಾದರೆ, ಒಳ್ಳೆಯ ಹಸುವನ್ನು ಆರಿಸಿ ತಳಿ ಬೆಳೆಸಲು ಯಾರಿಗೂ ಕಾರಣವೇ ಇಲ್ಲದೆ ಹೋಗಿದ್ದು ಇನ್ನೂ ದೊಡ್ಡ ನಷ್ಟ. ಬ್ಯಾಬ್‌ಕಾಕ್ ಅವರ ಶೀಷೆ ಈ ಎರಡನ್ನೂ ಸರಿಪಡಿಸಿತು. ರಸಾಯನಶಾಸ್ತ್ರ ಓದದ ಯಾರು ಬೇಕಾದರೂ ಮಾಡಬಹುದಾದಷ್ಟು ಸರಳ ಪರೀಕ್ಷೆ ಅದು. ಅದಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ನಮ್ಮ ಹಳ್ಳಿಗಳ ಹಾಲಿನ ಡೇರಿಗಳಲ್ಲಿ ‘ಫ್ಯಾಟ್’ ನೋಡಿ ದರ ಕಟ್ಟುವ ಪದ್ಧತಿಯ ಬೆನ್ನಿಗೂ ಇದೇ ತತ್ವವಿದೆ. ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದದ್ದು ಸ್ವಿಟ್ಜರ್ಲೆಂಡಿನ ಗರ್ಬರ್ ಅದೇ ದಶಕದಲ್ಲಿ ರೂಪಿಸಿದ ಪರೀಕ್ಷೆ. ಅದೂ ಗಂಧಕಾಮ್ಲ ಮತ್ತು ತಿರುಗುಯಂತ್ರಗಳನ್ನೇ ನಂಬಿದ್ದು.

ಬ್ಯಾಬ್‌ಕಾಕ್ ಪೇಟೆಂಟ್ ಬೇಡವೆಂದದ್ದನ್ನು ಸಾಮಾನ್ಯವಾಗಿ ಒಬ್ಬ ವಿಜ್ಞಾನಿಯ ದೊಡ್ಡ ಮನಸ್ಸೆಂದು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಒಂದು ಮುಖ್ಯ ವಿಷಯ ಮರೆಯಾಗುತ್ತದೆ. ದೊಡ್ಡ ಮನಸ್ಸೆಂದರೆ ಕೊಡದೆ ಇರಬಹುದಾಗಿದ್ದನ್ನು ಕೊಟ್ಟದ್ದು ಎಂದಾಗುತ್ತದೆ. ಆ ಪರೀಕ್ಷೆಯನ್ನು ಯಾರಿಗಾದರೂ ಕೊಡುವುದಿಲ್ಲ ಎನ್ನುವ ಹಕ್ಕು ಆ ವಿಶ್ವವಿದ್ಯಾಲಯಕ್ಕೆ ಇತ್ತೇ ಎಂಬುದು ನಿಜವಾದ ಪ್ರಶ್ನೆ. ಇರಲಿಲ್ಲ ಎಂಬುದು ಈ ಲೇಖನದ ವಾದ. ಸಾರ್ವಜನಿಕರ ಭೂಮಿಯಿಂದ ಹುಟ್ಟಿ ಸಾರ್ವಜನಿಕರ ತೆರಿಗೆಯಿಂದ ನಡೆಯುವ ಕೃಷಿ ವಿಶ್ವವಿದ್ಯಾಲಯ ತನ್ನ ಸಂಶೋಧನೆಯಿಂದ ನಾಲ್ಕು ಕಾಸು ಸಂಪಾದಿಸಿದರೆ ತಪ್ಪಿಲ್ಲ. ಆದರೆ ತನ್ನನ್ನು ಸಾಕಿದವರಲ್ಲಿ ಯಾರಿಗೇ ಆಗಲಿ ಅದನ್ನು ನಿರಾಕರಿಸುವ ಅಧಿಕಾರ ಅದಕ್ಕಿರಬಾರದು. ಈ ಗೆರೆಯನ್ನು ಅದು ಎಲ್ಲೆಲ್ಲಿ ದಾಟಿತೋ ಅಲ್ಲೆಲ್ಲ ತನ್ನ ಹುಟ್ಟಿನ ಉದ್ದೇಶದಿಂದಲೇ ದೂರ ಸರಿಯಿತು. ಇದನ್ನು ಪರೀಕ್ಷಿಸಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ ನಗರದ ಆ ಒಂದೇ ಕ್ಯಾಂಪಸ್ಸಿನ ಚರಿತ್ರೆ ಬಹುಪಾಲು ಸಾಕು.

ಮೊದಲು ಹುಟ್ಟಿನ ಮಾತು. 1862ರ ಜುಲೈ 2ರಂದು, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ಮೊರಿಲ್ ಕಾಯಿದೆಗೆ ಸಹಿ ಹಾಕಿದರು. ಪ್ರತಿ ರಾಜ್ಯಕ್ಕೂ ಕಾಂಗ್ರೆಸ್ಸಿನಲ್ಲಿ ಅದರ ಒಬ್ಬೊಬ್ಬ ಪ್ರತಿನಿಧಿಗೆ 30,000 ಎಕರೆಯಂತೆ ಒಕ್ಕೂಟದ ಭೂಮಿ. ಅದನ್ನು ಮಾರಿ ಬಂದ ಹಣವನ್ನು ಮೂಲಧನವಾಗಿಟ್ಟು ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳೆಂದು ಹೆಸರಾದ ಸಂಸ್ಥೆಗಳು ಹೀಗೆ ಹುಟ್ಟಿದವು. ವಿಸ್ಕಾನ್ಸಿನ್ನಿಗೆ 2,40,000 ಎಕರೆ ಬಂತು. ಅದನ್ನು ಅಲ್ಲಿನ ಸರ್ಕಾರ ಅವಸರದಲ್ಲಿ ಅಗ್ಗಕ್ಕೆ ಮಾರಿತು. ತನ್ನ ಗಡಿಯೊಳಗೆ ಒಕ್ಕೂಟದ ಭೂಮಿಯೇ ಇಲ್ಲದ ನ್ಯೂಯಾರ್ಕಿನಂಥ ರಾಜ್ಯಗಳಿಗೆ ಬೇರೆಡೆ ಭೂಮಿ ಆರಿಸಿಕೊಳ್ಳುವ ಹಕ್ಕುಪತ್ರ ಕೊಟ್ಟರು. ಎಜ್ರಾ ಕಾರ್ನೆಲ್ ಆ ಹಕ್ಕುಪತ್ರಗಳನ್ನು ಕೊಂಡು ವಿಸ್ಕಾನ್ಸಿನ್ನಿನ ಉತ್ತರದ ಪೈನ್ ಕಾಡುಗಳಲ್ಲಿ ಸುಮಾರು ಐದು ಲಕ್ಷ ಎಕರೆ ಆರಿಸಿಕೊಂಡರು. ಮರದ ಬೆಲೆ ಏರುವವರೆಗೆ ಕಾದು ಮಾರಿದ್ದರಿಂದ ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಸುಮಾರು 50 ಲಕ್ಷ ಡಾಲರ್ ಸೇರಿತು. ಈ ಕಥೆಯನ್ನು ಪಾಲ್ ಗೇಟ್ಸ್ ಎಂಬ ಭೂಚರಿತ್ರೆಕಾರರು 1943ರಲ್ಲೇ, ಕಾರ್ನೆಲ್‌ನಲ್ಲಿಯೇ ಪಾಠ ಹೇಳುತ್ತ, ಪುಸ್ತಕವಾಗಿ ಬರೆದರು. ಕೃಷಿ ವಿಜ್ಞಾನದ ಜೊತೆಗೆ ಕೃಷಿಯ ಚರಿತ್ರೆಯೂ ಈ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ತಮ್ಮ ಸಂಸ್ಥೆಯ ಗಂಟು ಎಲ್ಲಿಂದ ಬಂತೆಂದು ಒಳಗಿನವರೇ ಲೆಕ್ಕ ತೆಗೆದಿಟ್ಟರು.

ಆದರೆ ಆ ಲೆಕ್ಕವೂ ಅರ್ಧದ್ದೇ. ಒಕ್ಕೂಟದ್ದು ಎನಿಸಿಕೊಂಡ ಆ ಭೂಮಿ ಅದಕ್ಕೂ ಮೊದಲು ಬೇರೆಯವರದಾಗಿತ್ತು. ಮ್ಯಾಡಿಸನ್ ಇರುವ ನೆಲವನ್ನು ಹೋ-ಚಂಕ್ ಜನ 1832ರ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು. ಆಮೇಲೆ ಅವರನ್ನು ಮತ್ತೆ ಮತ್ತೆ ಬಲವಂತವಾಗಿ ಹೊರಗಟ್ಟಿದರು, ಅವರು ಮತ್ತೆ ಮತ್ತೆ ತಮ್ಮ ನೆಲಕ್ಕೆ ಹಿಂತಿರುಗಿದರು. ಉತ್ತರದ ಪೈನ್ ಕಾಡುಗಳು ಓಜಿಬ್ವೆಯವರ ಕೈತಪ್ಪಿದ್ದು 1837ರ ಒಪ್ಪಂದದಿಂದ ಮೊದಲುಗೊಂಡು. ಇಡೀ ದೇಶದ ಲೆಕ್ಕವನ್ನು 2020ರಲ್ಲಿ ‘ಹೈ ಕಂಟ್ರಿ ನ್ಯೂಸ್’ ಪತ್ರಿಕೆ ಒಂದೊಂದು ತುಂಡು ನೆಲವನ್ನೂ ಹುಡುಕಿ ಮುಂದಿಟ್ಟಿತು: ಮೊರಿಲ್ ಕಾಯಿದೆಯಡಿ ಹಂಚಿದ ಭೂಮಿ ಸುಮಾರು 1 ಕೋಟಿ 7 ಲಕ್ಷ ಎಕರೆ, ಅದು ಮೂಲದಲ್ಲಿ ಸುಮಾರು 250 ಮೂಲನಿವಾಸಿ ಸಮುದಾಯಗಳಿಗೆ ಸೇರಿದ್ದು. ಹೀಗೆ ಬಂದ ಮೂಲಧನವನ್ನು ದಾನವೆಂದು ಕರೆಯಲಾಗದು, ಅದು ಋಣ. ಋಣದಿಂದ ಹುಟ್ಟಿದ ಸಂಸ್ಥೆಗೆ ತನ್ನ ಫಲ ಯಾರಿಗೆ ಸಲ್ಲಬೇಕೆಂದು ಮನಬಂದಂತೆ ತೀರ್ಮಾನಿಸುವ ಸ್ವಾತಂತ್ರ್ಯವಿಲ್ಲ. ಹಾಗಿದ್ದೂ ನಿರಾಕರಣೆ ಮೊದಲ ದಿನದಿಂದಲೇ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಈ ಕಾಲೇಜುಗಳ ಬಾಗಿಲು ಮುಚ್ಚಿತ್ತು. 1890ರ ಎರಡನೆಯ ಮೊರಿಲ್ ಕಾಯಿದೆ ಆ ಬಾಗಿಲನ್ನು ತೆರೆಯಲಿಲ್ಲ. ಕಪ್ಪು ಜನರಿಗೆಂದು ಬೇರೆ ಕಾಲೇಜು ಕಟ್ಟಿಕೊಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಭೂಮಿ ಕಳೆದುಕೊಂಡ ಮೂಲನಿವಾಸಿಗಳ ಕಾಲೇಜುಗಳು ಲ್ಯಾಂಡ್ ಗ್ರಾಂಟ್ ಸ್ಥಾನ ಪಡೆಯಲು 1994ರವರೆಗೆ ಕಾಯಬೇಕಾಯಿತು.

ಇಷ್ಟಿದ್ದೂ ಈ ಸಂಸ್ಥೆಗಳು ಮಾಡಿದ ಕೆಲಸ ಸಣ್ಣದಲ್ಲ. 1887ರ ಹ್ಯಾಚ್ ಕಾಯಿದೆ ಪ್ರತಿ ರಾಜ್ಯದ ಪ್ರಯೋಗ ಕೇಂದ್ರಕ್ಕೆ ವರ್ಷಕ್ಕೆ 15,000 ಡಾಲರ್ ಕೊಡಲು ತೊಡಗಿದ ಮೇಲೆ ಮಾರುಕಟ್ಟೆ ಕೇಳದ ಪ್ರಶ್ನೆಗಳನ್ನೂ ಕೇಳುವ ಬಿಡುವು ವಿಜ್ಞಾನಿಗಳಿಗೆ ಸಿಕ್ಕಿತು. 1907ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಶುರುವಾದ ಒಂದೇ ಧಾನ್ಯದ ಪ್ರಯೋಗ ಅಂಥದ್ದು. ಆ ಕಾಲದ ರಸಾಯನಶಾಸ್ತ್ರದ ಪ್ರಕಾರ ಸಸಾರಜನಕ, ಪಿಷ್ಟ, ಜಿಡ್ಡು, ಲವಣಗಳ ಲೆಕ್ಕ ಸರಿಯಿದ್ದರೆ ಮೇವು ಯಾವ ಗಿಡದಿಂದ ಬಂದರೂ ಒಂದೇ. ಬ್ಯಾಬ್‌ಕಾಕ್ ಅವರಿಗೆ ಇದರಲ್ಲಿ ಬಹುಕಾಲದಿಂದ ನಂಬಿಕೆ ಇರಲಿಲ್ಲ. ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಮೆಕ್ಕೆಜೋಳದ್ದು ಮಾತ್ರ, ಇನ್ನೊಂದಕ್ಕೆ ಗೋಧಿಯದು ಮಾತ್ರ, ಮತ್ತೊಂದಕ್ಕೆ ಓಟ್ಸಿನದು ಮಾತ್ರ, ನಾಲ್ಕನೆಯದಕ್ಕೆ ಮೂರರ ಮಿಶ್ರಣ ಹಾಕಿ ವರ್ಷಗಟ್ಟಲೆ ಸಾಕಿದರು. ಪ್ರಯೋಗಾಲಯದ ಲೆಕ್ಕದಲ್ಲಿ ನಾಲ್ಕೂ ಮೇವು ಸಮ. ಕೊಟ್ಟಿಗೆಯಲ್ಲಿ ಮಾತ್ರ ಮೆಕ್ಕೆಜೋಳ ತಿಂದವು ಮೈದುಂಬಿಕೊಂಡು ಗಟ್ಟಿ ಕರು ಹಾಕಿದವು. ಗೋಧಿ ತಿಂದವು ಸೊರಗಿ ಕುರುಡಾದವು, ದಿನ ತುಂಬುವ ಮೊದಲೇ ಕಂದು ಹಾಕಿದವು. 1911ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಆಗ ಪೂರ್ತಿ ವಿವರಣೆ ಇರಲಿಲ್ಲ. ಮೇವಿನಲ್ಲಿ ರಸಾಯನಶಾಸ್ತ್ರಕ್ಕೆ ಕಾಣದ ಏನೋ ಇದೆ ಎಂಬುದಷ್ಟೇ ಖಚಿತವಾಯಿತು. ಆ ಪ್ರಯೋಗದಲ್ಲಿ ದುಡಿದಿದ್ದ ಎಲ್ಮರ್ ಮೆಕಾಲಮ್, ಹಲವು ವರ್ಷ ಸಂಬಳವಿಲ್ಲದೆ ಅವರ ಇಲಿಗಳನ್ನು ನೋಡಿಕೊಂಡ ಮಾರ್ಗರೀಟ್ ಡೇವಿಸ್ ಜೊತೆಗೂಡಿ 1913ರಲ್ಲಿ ಬೆಣ್ಣೆಯ ಜಿಡ್ಡಿನಲ್ಲಿ ಅಂಥದೊಂದನ್ನು ಕಂಡುಕೊಂಡರು. ಅದೇ ಇಂದಿನ ವಿಟಮಿನ್ ಎ.

ಇನ್ನೊಂದು ಉದಾಹರಣೆ ರೈತನ ಪ್ರಶ್ನೆಯಿಂದಲೇ ಹುಟ್ಟಿದ್ದು. 1933ರ ಫೆಬ್ರುವರಿಯ ಹಿಮಗಾಳಿಯಲ್ಲಿ ವಾಯವ್ಯ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಮುಗ್ಗಿದ ಕ್ಲೋವರ್ ಹುಲ್ಲು ಇವನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಮುಗ್ಗಿದ ಹುಲ್ಲು ಹಾಕಬೇಡ ಎಂಬ ಉತ್ತರ ಆಗಲೇ ಗೊತ್ತಿತ್ತು. ಕೆನಡಾದ ಮತ್ತು ನಾರ್ತ್ ಡಕೋಟಾದ ಪಶುವಿಜ್ಞಾನಿಗಳು ಅದನ್ನು ಹಿಂದಿನ ದಶಕದಲ್ಲೇ ತೋರಿಸಿದ್ದರು. ಬೇರೆ ಮೇವಿಲ್ಲದ ಬಡ ರೈತನಿಗೆ ಅದು ಉತ್ತರವಾಗಿರಲಿಲ್ಲ. ಹುಲ್ಲಿನಲ್ಲಿ ರಕ್ತವನ್ನು ತಿಳಿಯಾಗಿಸುವ ವಸ್ತು ಯಾವುದೆಂದು ಹಿಡಿಯಲು ಲಿಂಕ್ ಮತ್ತು ಅವರ ವಿದ್ಯಾರ್ಥಿಗಳಿಗೆ ಆರು ವರ್ಷ ಬೇಕಾಯಿತು. 1939ರಲ್ಲಿ ಹರಳಾಗಿ ಸಿಕ್ಕ ಆ ವಸ್ತುವಿನ ವಂಶದಲ್ಲೇ 1948ರಲ್ಲಿ ಇಲಿ ಪಾಷಾಣವಾಗಿ ಬಂದದ್ದು ವಾರ್ಫರಿನ್. 1950ರ ದಶಕದಲ್ಲಿ ಅದು ಮನುಷ್ಯರ ಔಷಧವಾಯಿತು. ಹೃದಯದ ಕವಾಟ ಬದಲಿಸಿಕೊಂಡವರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂದಿಗೂ ಅದನ್ನು ನುಂಗುತ್ತಾರೆ. ರೈತನ ಪ್ರಶ್ನೆಗೆ ಕಿವಿಗೊಟ್ಟರೆ ಮೂಲವಿಜ್ಞಾನ ಸೊರಗುತ್ತದೆ ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಸಿಗದು. ಸಣ್ಣ ಪ್ರಶ್ನೆ ಎಂದು ತಳ್ಳಿಹಾಕಿದ್ದರೆ ದೊಡ್ಡ ವಿಜ್ಞಾನವೂ ಹುಟ್ಟುತ್ತಿರಲಿಲ್ಲ.

ಈಗ ಕಷ್ಟದ ಭಾಗಕ್ಕೆ ಬರಬೇಕು. ಕಡಸುಗಳ ಪ್ರಯೋಗದಲ್ಲಿ ಎಳೆಯ ಸಹಾಯಕನಾಗಿದ್ದ ಹ್ಯಾರಿ ಸ್ಟೀನ್‌ಬಾಕ್, ಆಹಾರದ ಮೇಲೆ ನೇರಳಾತೀತ ಕಿರಣ ಬಿಟ್ಟರೆ ಅದರಲ್ಲಿ ವಿಟಮಿನ್ ಡಿ ಹುಟ್ಟುತ್ತದೆ ಎಂದು 1924ರಲ್ಲಿ ತೋರಿಸಿದರು. ಬಿಸಿಲು ಕಾಣದ ನಗರಗಳ ಬಡ ಮಕ್ಕಳು ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗದಿಂದ ನರಳುತ್ತಿದ್ದ ಕಾಲ ಅದು. ಸ್ಟೀನ್‌ಬಾಕ್ ತಮ್ಮ ಕೈಯಿಂದ 300 ಡಾಲರ್ ಹಾಕಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಕ್ವೇಕರ್ ಓಟ್ಸ್ ಕಂಪನಿ ದೊಡ್ಡ ಮೊತ್ತಕ್ಕೆ ಅದನ್ನು ಕೊಳ್ಳಲು ಬಂದಾಗ ಅವರು ಒಪ್ಪಲಿಲ್ಲ. ಬದಲಿಗೆ 1925ರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ವಿಸ್ಕಾನ್ಸಿನ್ ಅಲುಮ್ನಿ ರಿಸರ್ಚ್ ಫೌಂಡೇಶನ್ ಎಂಬ ಪ್ರತ್ಯೇಕ ಪ್ರತಿಷ್ಠಾನ ಕಟ್ಟಿದರು. ಪೇಟೆಂಟ್ ಅದರ ಕೈಗೆ ಹೋಯಿತು, ಲಾಭ ವಿಶ್ವವಿದ್ಯಾಲಯದ ಸಂಶೋಧನೆಗೆ. ಸ್ಟೀನ್‌ಬಾಕ್ ಅವರ ಕಾರಣಗಳನ್ನು ನ್ಯಾಯವಾಗಿ ತೂಗಬೇಕು. ಪೇಟೆಂಟ್ ಇಲ್ಲದಿದ್ದರೆ ಯಾರೋ ಅರೆಬರೆ ಕಿರಣ ಬಿಟ್ಟು, ಇಲ್ಲವೆ ಅತಿಯಾಗಿ ಬಿಟ್ಟು, ವಿಟಮಿನ್ ಹೆಸರಿನಲ್ಲಿ ಕಸವನ್ನೋ ವಿಷವನ್ನೋ ಮಾರುತ್ತಾರೆ ಎಂಬ ಅವರ ಭಯ ಸುಳ್ಳಲ್ಲ. ಸ್ವಂತಕ್ಕೆ ಶ್ರೀಮಂತರಾಗುವ ಆಸೆಯೂ ಅವರಿಗಿರಲಿಲ್ಲ. ಆದರೆ ಇನ್ನೊಂದು ಕಾರಣವೂ ಇತ್ತು, ನನ್ನ ವಾದ ನಿಲ್ಲುವುದು ಅದರ ಮೇಲೆ. ವಿಸ್ಕಾನ್ಸಿನ್ ಬೆಣ್ಣೆಯ ರಾಜ್ಯ. ಅಲ್ಲಿನ ಹೈನುಗಾರರಿಗೆ ಬೆಣ್ಣೆಗೆ ಬದಲಿಯಾದ ಮಾರ್ಗರಿನ್ ಹಗೆ. ಹಳದಿ ಬಣ್ಣದ ಮಾರ್ಗರಿನ್ ಮಾರಾಟವನ್ನು ಆ ರಾಜ್ಯ 1895ರಿಂದ 1967ರವರೆಗೆ ನಿಷೇಧಿಸಿತ್ತು. ಮಾರ್ಗರಿನ್ನಿಗೆ ವಿಟಮಿನ್ ಡಿ ಸೇರಿದರೆ ಬೆಣ್ಣೆಯ ಹೆಚ್ಚುಗಾರಿಕೆ ಉಳಿಯುವುದಿಲ್ಲವೆಂದು ಪ್ರತಿಷ್ಠಾನ ಮಾರ್ಗರಿನ್ ತಯಾರಕರಿಗೆ ಪರವಾನಗಿ ಕೊಡಲೇ ಇಲ್ಲ.

ಬೆಣ್ಣೆ ಕೊಳ್ಳಲಾಗದೆ ಮಾರ್ಗರಿನ್ ತಿನ್ನುತ್ತಿದ್ದ ಬಡವರ ಮಕ್ಕಳಿಗೇ ರಿಕೆಟ್ಸ್ ಹೆಚ್ಚು ಬರುತ್ತಿತ್ತು. ಔಷಧ ಯಾರಿಗೆ ಅತಿ ಅಗತ್ಯವೋ ಅವರ ತಟ್ಟೆಗೆ ಅದು ಬೀಳದಂತೆ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದ ಶೋಧ ಬಳಕೆಯಾಯಿತು. 1940ರ ದಶಕದಲ್ಲಿ ಪೇಟೆಂಟ್ ವ್ಯಾಜ್ಯ ಒಕ್ಕೂಟದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಾಗ ನ್ಯಾಯಾಧೀಶರು ಇದನ್ನೇ ಎತ್ತಿ ತೋರಿಸಿದರು. ಬಡವರ ಆಹಾರಕ್ಕೆ ಈ ವಿಧಾನವನ್ನು ತಡೆಹಿಡಿದದ್ದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದರು. ಪೇಟೆಂಟ್ ಬಿದ್ದುಹೋದದ್ದು ಅದು ಹೊಸ ಆವಿಷ್ಕಾರವೇ ಅಲ್ಲ ಎಂಬ ನೆಲೆಯಲ್ಲಿ: ಹುಲ್ಲನ್ನು ಬಿಸಿಲಿಗೆ ಹರವಿ ಒಣಗಿಸುವ ರೈತ ತನಗೆ ತಿಳಿಯದೆಯೇ ಅದೇ ಕೆಲಸವನ್ನು ಮೊದಲಿಂದ ಮಾಡುತ್ತಿದ್ದ. ಇಲ್ಲಿ ಕೆಟ್ಟವರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಸ್ಟೀನ್‌ಬಾಕ್ ತಮ್ಮ ರಾಜ್ಯದ ರೈತರ ಹಿತ ಕಾಯುತ್ತಿದ್ದೇನೆಂದೇ ನಂಬಿದ್ದರು. ಒಳ್ಳೆಯವರ ಕೈಯಲ್ಲಿದ್ದಾಗಲೂ ನಿರಾಕರಿಸುವ ಅಧಿಕಾರ ಹೀಗೆ ಕೆಲಸ ಮಾಡುತ್ತದೆ. ಯಾರ ಹಿತ ಮೊದಲು ಎಂದು ಆರಿಸುವ ಸ್ಥಾನದಲ್ಲಿ ಕೂತವನಿಗೆ ಹತ್ತಿರದವರ ಕೂಗು ಕೇಳಿಸುತ್ತದೆ, ದೂರದ ನಗರದ ಕೂಲಿಯವನ ಮಗು ಕಾಣಿಸುವುದಿಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪ ಹಣದ್ದು. ಆ ಪ್ರತಿಷ್ಠಾನದ ಗಳಿಕೆ 1930ರ ದಶಕದ ಮಹಾಕುಸಿತದಲ್ಲಿ ವಿಸ್ಕಾನ್ಸಿನ್ನಿನ ಸಂಶೋಧನೆಯನ್ನು ಉಸಿರು ನಿಲ್ಲದಂತೆ ಕಾಪಾಡಿತು. ವಾರ್ಫರಿನ್ನಿನ ಪೇಟೆಂಟ್ ಕೂಡ ಅದರದೇ, ಔಷಧದ ಹೆಸರೂ ಪ್ರತಿಷ್ಠಾನದ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ನೂರು ವರ್ಷಗಳಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು ಶತಕೋಟಿ ಡಾಲರ್‌ಗಳ ಲೆಕ್ಕದಲ್ಲಿದೆ. ಬ್ಯಾಬ್‌ಕಾಕ್ ದಾರಿಯನ್ನೇ ಹಿಡಿದಿದ್ದರೆ ಈ ಹಣ ಎಲ್ಲಿಂದ ಬರುತ್ತಿತ್ತು ಎಂದು ಕೇಳುವುದು ನ್ಯಾಯವೇ. ಸರ್ಕಾರಗಳು ಕೈ ಬಿಗಿಹಿಡಿದಾಗ ವಿಶ್ವವಿದ್ಯಾಲಯ ಭಿಕ್ಷೆ ಎತ್ತಬೇಕೆಂದು ಯಾರೂ ಹೇಳಲಾರರು. ಆದರೆ ಈ ಆಕ್ಷೇಪ ಎರಡು ಬೇರೆ ಸಂಗತಿಗಳನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಪೇಟೆಂಟಿನಿಂದ ಬರುವ ಆದಾಯ ಒಂದು. ಅದು ಕೊಡುವ ತಡೆಹಿಡಿಯುವ ಹಕ್ಕು ಇನ್ನೊಂದು. ಗುಣಮಟ್ಟದ ನಿಯಮ ಪಾಲಿಸಿ ಒಂದೇ ದರದ ಶುಲ್ಕ ಕಟ್ಟುವ ಯಾರಿಗೇ ಆಗಲಿ ಪರವಾನಗಿ ಕೊಡಲೇಬೇಕು ಎಂಬ ಕಟ್ಟಳೆ ಇದ್ದಿದ್ದರೆ ಸ್ಟೀನ್‌ಬಾಕ್ ಭಯಪಟ್ಟ ಕಲಬೆರಕೆ ನಿಲ್ಲುತ್ತಿತ್ತು, ಹಣವೂ ಬರುತ್ತಿತ್ತು. ಮಾರ್ಗರಿನ್ನಿನಿಂದ ಬರುವ ಶುಲ್ಕವೂ ಸೇರಿ ಬಹುಶಃ ಇನ್ನೂ ಹೆಚ್ಚೇ ಬರುತ್ತಿತ್ತು. ಕಳೆದುಹೋಗುತ್ತಿದ್ದದ್ದು ಯಾರನ್ನೋ ಹೊರಗಿಡುವ ಶಕ್ತಿಯೊಂದೇ. ಅದನ್ನು ಉಳಿಸಿಕೊಳ್ಳಲು ಹಣದ ಕೊರತೆಯ ವಾದ ನೆರವಾಗುವುದಿಲ್ಲ.

ನಿರಾಕರಣೆ ಯಾವಾಗಲೂ ಪರವಾನಗಿ ಪತ್ರದ ಮೂಲಕವೇ ನಡೆಯಬೇಕೆಂದಿಲ್ಲ. ಶೋಧದ ವಿನ್ಯಾಸದೊಳಗೇ ಅದು ಅಡಗಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ 1940ರ ದಶಕದ ಕೊನೆಯಿಂದ ಜ್ಯಾಕ್ ಹಾನಾ ಮತ್ತು ಕೋಬಿ ಲೊರೆಂಜನ್ ಟೊಮೆಟೊ ಕೊಯ್ಯುವ ಯಂತ್ರಕ್ಕಾಗಿ ಜೊತೆಯಾಗಿ ದುಡಿದರು. ಒಬ್ಬರು ಯಂತ್ರ ಮಾಡಿದರೆ, ಇನ್ನೊಬ್ಬರು ಆ ಯಂತ್ರದ ಪೆಟ್ಟು ತಾಳಿಕೊಂಡು ಒಟ್ಟಿಗೇ ಹಣ್ಣಾಗುವ ಗಟ್ಟಿ ಸಿಪ್ಪೆಯ ತಳಿ ಮಾಡಿದರು. ಮೆಕ್ಸಿಕೋದಿಂದ ಹಂಗಾಮಿ ಕೂಲಿಗಳನ್ನು ತರುವ ವ್ಯವಸ್ಥೆ 1964ರಲ್ಲಿ ನಿಂತಾಗ ಯಂತ್ರ ಹೊಲಗಳಿಗೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗೆ ಹೋಗುವ ಟೊಮೆಟೊವನ್ನೆಲ್ಲ ಹೆಚ್ಚುಕಡಿಮೆ ಯಂತ್ರವೇ ಕೊಯ್ಯತೊಡಗಿತು. ಇಳುವರಿ ಏರಿತು. ಆದರೆ 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರು 1973ರ ಹೊತ್ತಿಗೆ ಸುಮಾರು 600ಕ್ಕೆ ಇಳಿದಿದ್ದರು. ಕೂಲಿ ಕಳೆದುಕೊಂಡವರು ಹತ್ತಾರು ಸಾವಿರ. ಯಂತ್ರವನ್ನು ಸಣ್ಣ ಹಿಡುವಳಿದಾರನಿಗೆ ಕೊಡುವುದಿಲ್ಲವೆಂದು ಯಾರೂ ಹೇಳಲಿಲ್ಲ; ಅದರ ಗಾತ್ರ ಮತ್ತು ಬೆಲೆಯೇ ಆ ಮಾತನ್ನು ಹೇಳಿದವು. 1979ರಲ್ಲಿ ಕೂಲಿಕಾರರ ಮತ್ತು ಸಣ್ಣ ರೈತರ ಪರವಾಗಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಲಾಯಿತು. ಹ್ಯಾಚ್ ಕಾಯಿದೆಯ ಹಣದಿಂದ ನಡೆಯುವ ಸಂಶೋಧನೆಯನ್ನು ಆರಿಸುವಾಗ ಸಣ್ಣ ಕೃಷಿಕ ಕುಟುಂಬಗಳ ಹಿತವನ್ನು ಪರಿಗಣಿಸುವ ಏರ್ಪಾಡು ಬೇಕೆಂದು ಕೆಳಗಿನ ನ್ಯಾಯಾಲಯ 1987ರಲ್ಲಿ ಒಪ್ಪಿತು. ಎರಡು ವರ್ಷದ ನಂತರ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಯಂತ್ರ ಬಾರದಿದ್ದರೆ ಟೊಮೆಟೊ ಬೆಳೆಯೇ ಮೆಕ್ಸಿಕೋಗೆ ಹೋಗುತ್ತಿತ್ತು, ಆಗ ಎಲ್ಲ ಕೂಲಿಯೂ ಹೋಗುತ್ತಿತ್ತು ಎಂದು ವಿಶ್ವವಿದ್ಯಾಲಯದ ಪರವಾಗಿ ವಾದಿಸಿದವರಿದ್ದಾರೆ. ಬಗ್ಗಿ ಬೆನ್ನು ಮುರಿದುಕೊಂಡು ಮಾಡುವ ಆ ದುಡಿಮೆಯನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಯೂ ಇದೆ. ಎರಡರಲ್ಲೂ ಹುರುಳಿದೆ. ಯಂತ್ರವೇ ಬೇಡವಾಗಿತ್ತು ಎಂಬುದು ನನ್ನ ನಿಲುವಲ್ಲ. ಇಪ್ಪತ್ತು ವರ್ಷ ಸಾರ್ವಜನಿಕ ಖರ್ಚಿನಲ್ಲಿ ನಡೆದ ಆ ಕೆಲಸದ ಉದ್ದಕ್ಕೂ, ಕಡಿಮೆ ಎಕರೆಯವರಿಗೂ ಒಗ್ಗುವ ಯಂತ್ರ ಸಾಧ್ಯವೇ, ಹಲವರು ಸೇರಿ ಇಟ್ಟುಕೊಳ್ಳುವಂಥದ್ದು ಸಾಧ್ಯವೇ, ಕೆಲಸ ಹೋದವರಿಗೆ ಮುಂದೇನು ಎಂಬ ಪ್ರಶ್ನೆಗಳಿಗೆ ಸಂಶೋಧನೆಯ ಪಟ್ಟಿಯಲ್ಲಿ ತಕ್ಕ ಜಾಗ ಸಿಗಲಿಲ್ಲ ಎಂಬುದು ನನ್ನ ದೂರು. ಪ್ರಶ್ನೆ ಹಾಕುವವರ ಸಾಲಿನಲ್ಲಿ ಕೂಲಿಯವರು ಇರಲಿಲ್ಲ. ಹಾಲಿನ ಕ್ಯಾನಿನಲ್ಲಿ ರಕ್ತ ತಂದ ರೈತನಿಗೆ ಮ್ಯಾಡಿಸನ್ನಿನಲ್ಲಿ ಬಾಗಿಲು ತೆರೆದಿತ್ತು. ಡೇವಿಸ್ಸಿನ ಟೊಮೆಟೊ ಆಯುವವರಿಗೆ ಬಡಿಯಲು ಬಾಗಿಲೇ ಇರಲಿಲ್ಲ.

1980ರ ಬೇ-ಡೋಲ್ ಕಾಯಿದೆ ಒಕ್ಕೂಟದ ಹಣದಿಂದ ಕಂಡುಹಿಡಿದದ್ದಕ್ಕೂ ವಿಶ್ವವಿದ್ಯಾಲಯಗಳೇ ಪೇಟೆಂಟ್ ಪಡೆದು, ಬೇಕಾದರೆ ಒಂದೇ ಕಂಪನಿಗೆ ಏಕಸ್ವಾಮ್ಯ ಕೊಡಲು ಅನುವು ಮಾಡಿತು. ವಿಸ್ಕಾನ್ಸಿನ್ನಿನ ವಿಶೇಷ ಎಂದಿದ್ದದ್ದು ದೇಶದ ಪದ್ಧತಿಯಾಯಿತು. ಬೀಜದ ವಿಷಯದಲ್ಲಿ ಅದರ ಬಿಸಿ ತಟ್ಟಿದ್ದು ತಳಿ ಅಭಿವೃದ್ಧಿ ಮಾಡುವವರಿಗೇ. ಒಬ್ಬರ ತಳಿಯನ್ನು ಇನ್ನೊಬ್ಬರು ಸಂಕರಕ್ಕೆ ಬಳಸಲು ಅನುಮತಿಪತ್ರಗಳ ಹಿಂದೆ ಅಲೆಯಬೇಕಾಯಿತು. ಇದಕ್ಕೆ ಪ್ರತಿಯಾಗಿ ಎದ್ದ ಪ್ರಯತ್ನವೂ ಮ್ಯಾಡಿಸನ್ನಿನದೇ. ತರಕಾರಿ ತಳಿವಿಜ್ಞಾನಿ ಇರ್ವಿನ್ ಗೋಲ್ಡ್‌ಮನ್, ಬೀಜದ ರಾಜಕೀಯ ಚರಿತ್ರೆ ಬರೆದ ಸಮಾಜವಿಜ್ಞಾನಿ ಜ್ಯಾಕ್ ಕ್ಲೊಪೆನ್‌ಬರ್ಗ್ ಮತ್ತಿತರರು ಸೇರಿ ಓಪನ್ ಸೋರ್ಸ್ ಸೀಡ್ ಇನಿಷಿಯೇಟಿವ್ ಕಟ್ಟಿದರು. 2014ರ ಏಪ್ರಿಲಿನಲ್ಲಿ ಮೂರು ಡಜನ್ನಿನಷ್ಟು ತಳಿಗಳ ಬೀಜ ಬಿಡುಗಡೆ ಮಾಡಿದರು. ಪೊಟ್ಟಣದ ಮೇಲಿನ ಷರತ್ತು ಸರಳವಾದದ್ದು: ಬಿತ್ತಿ, ಉಳಿಸಿ, ಹಂಚಿ, ಮಾರಿ, ಹೊಸ ತಳಿ ಮಾಡಿ, ಆದರೆ ಇನ್ನೊಬ್ಬರು ಹಾಗೆ ಮಾಡದಂತೆ ತಡೆಯಬೇಡಿ. ಹಣ ತೆಗೆದುಕೊಳ್ಳುವುದನ್ನು ಇದು ನಿಷೇಧಿಸುವುದಿಲ್ಲ, ನಿರಾಕರಿಸುವುದನ್ನು ಮಾತ್ರ ನಿಷೇಧಿಸುತ್ತದೆ. ಕಾನೂನಿನ ಬಲ ಅದಕ್ಕೆ ಎಷ್ಟಿದೆ ಎಂಬುದು ಚರ್ಚೆಯ ವಿಷಯವಾದರೂ, ಗೆರೆ ಎಳೆದ ಜಾಗ ಸರಿಯಾದದ್ದು.

ಕರ್ನಾಟಕಕ್ಕೆ ಈ ಚರಿತ್ರೆ ಹೊರಗಿನದಲ್ಲ. ಸ್ವತಂತ್ರ ಭಾರತದ ರಾಜ್ಯ ಕೃಷಿ ವಿಶ್ವವಿದ್ಯಾಲಯಗಳು ಲ್ಯಾಂಡ್ ಗ್ರಾಂಟ್ ಮಾದರಿಯಲ್ಲೇ ಎದ್ದವು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಪಂತನಗರದ್ದು ಮೊದಲು ಬಂತು. 1964ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿನಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಇಲ್ಲಿಯ ಒಳ್ಳೆಯ ಕೆಲಸ ಬ್ಯಾಬ್‌ಕಾಕ್ ದಾರಿಯದು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಮಾಡಿದ ಇಂಡಾಫ್ ತಳಿಗಳಿಂದ ಒಣಭೂಮಿಯ ರೈತನ ಕಣಜ ತುಂಬಿತು. ರಾಗಿ ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ಒಮ್ಮೆ ತಂದ ಬೀಜ ಮನೆಯ ಬೀಜವಾಯಿತು, ನೆಂಟರಿಷ್ಟರ ಊರುಗಳಿಗೂ ಹೋಯಿತು. ತಡೆಯುವವರು ಯಾರೂ ಇರಲಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬ್ರ್ಯಾಂಡ್ ಹೆಸರಿಲ್ಲದೆ ಬೀಜವನ್ನು ಉಳಿಸುವ, ಹಂಚುವ, ಮಾರುವ ರೈತನ ಹಕ್ಕನ್ನು 39ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಕಾಪಾಡಿದೆ. ಅಮೆರಿಕದ ರೈತನಿಗಿಂತ ನಮ್ಮ ರೈತ ಈ ವಿಷಯದಲ್ಲಿ ಗಟ್ಟಿ ನೆಲದ ಮೇಲೆ ನಿಂತಿದ್ದಾನೆ.

ಆ ನೆಲ ಎರಡು ಕಡೆ ಸಡಿಲವಾಗಿದೆ. ಒಂದು, ಪ್ರಶ್ನೆ ಬರುವ ದಾರಿ. ಅಮೆರಿಕದಲ್ಲಿ 1914ರ ಸ್ಮಿತ್-ಲೀವರ್ ಕಾಯಿದೆ ಹಳ್ಳಿಗೆ ಹೋಗಿ ತಿಳಿಸುವ ವಿಸ್ತರಣೆಯ ಕೆಲಸವನ್ನೂ ವಿಶ್ವವಿದ್ಯಾಲಯಕ್ಕೇ ಒಪ್ಪಿಸಿತು. ಅದೇ ಸಿಬ್ಬಂದಿಯ ಮೂಲಕ ರೈತರ ತೊಂದರೆಗಳು ಪ್ರಯೋಗಾಲಯಕ್ಕೆ ಬಂದವು. ನಾವು ಮಾದರಿಯನ್ನು ತಂದೆವು, ವಿಸ್ತರಣೆಯ ಬಹುಭಾಗವನ್ನು ಕೃಷಿ ಇಲಾಖೆಯಲ್ಲೇ ಉಳಿಸಿಕೊಂಡೆವು. ಹೀಗಾಗಿ ಉತ್ತರ ಹೇಳುವವರೊಬ್ಬರು, ದೂರು ಕೇಳುವವರು ಮತ್ತೊಬ್ಬರು. ಕೃಷಿ ಮೇಳದ ನಾಲ್ಕು ದಿನ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಲಕ್ಷಗಟ್ಟಲೆ ರೈತರು ನೆರೆಯುವುದನ್ನು ನೋಡಿದರೆ ಆ ಹಸಿವು ಎಷ್ಟಿದೆಯೆಂದು ತಿಳಿಯುತ್ತದೆ. ವರ್ಷದ ಉಳಿದ ದಿನಗಳಲ್ಲೂ ಅವರ ಪ್ರಶ್ನೆ ವಿಜ್ಞಾನಿಯ ಮೇಜು ಮುಟ್ಟಲು ಗೊತ್ತಾದ ಹಾದಿ ಬೇಕು. ಎರಡನೆಯದು ಒಪ್ಪಂದಗಳು. ಪ್ರತಿ ಹಂಗಾಮಿಗೂ ಹೊಸದಾಗಿ ಕೊಳ್ಳಬೇಕಾದ ಸಂಕರ ಬೀಜಗಳಲ್ಲಿ 39ನೆಯ ವಿಧಿ ರೈತನಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಎಲ್ಲವೂ ನಿಂತಿರುವುದು ತಳಿಯ ತಂದೆತಾಯಿ ಬೀಜವನ್ನು ಸರ್ಕಾರಿ ವಿಶ್ವವಿದ್ಯಾಲಯ ಯಾರಿಗೆ, ಯಾವ ಷರತ್ತಿನ ಮೇಲೆ ಕೊಡುತ್ತದೆ ಎಂಬುದರ ಮೇಲೆ. ಶುಲ್ಕ ಪಡೆಯಲಿ, ಗುಣಮಟ್ಟ ಕಟ್ಟುನಿಟ್ಟಾಗಿ ಕಾಯಲಿ. ಆದರೆ ಯಾವ ಕಂಪನಿಗೂ ಏಕಸ್ವಾಮ್ಯ ಬೇಡ. ರೈತರ ಬೀಜೋತ್ಪಾದಕ ಸಂಘ ಅದೇ ದರ ಕಟ್ಟಿ ಕೇಳಿದರೆ ಇಲ್ಲವೆನ್ನುವಂತಿರಬಾರದು. ಸರ್ಕಾರಿ ಹಣದಲ್ಲಿ ಹುಟ್ಟಿದ ತಳಿಯ ಬಗೆಗಿನ ಪ್ರತಿ ಒಪ್ಪಂದದಲ್ಲೂ ಈ ಎರಡು ಸಾಲು ಇರಬೇಕು, ಒಪ್ಪಂದದ ಪ್ರತಿ ಕನ್ನಡದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದವರಿಗೆ ಸಿಗಬೇಕು.